ಎಂಟೈಟಲ್‌ಮೆಂಟ್ 0.5, ವರ್ಚುವಲ್ ಪ್ರೊಸೆಸರ್ 4: ತೊಂದರೆ ಈ ಅನುಪಾತದಲ್ಲೇ ಇದೆ

‘ಅನ್‌ಕ್ಯಾಪ್ಡ್ ಇಟ್ಟಿದ್ದೇನೆ, ಎಂಟ್‌ಸಿ 300% ತೋರಿಸುತ್ತದೆ, ಆದರೂ ಮಧ್ಯಾಹ್ನ ಡೇಟಾಬೇಸ್ ತೆವಳುತ್ತದೆ, ವೇಟ್ 255 ಮಾಡಲೇ?’ ಎಂದು ಐಬಿಎಂ ಪವರ್ ಸರ್ವರ್‌ನ ನಿಮ್ಮ ಎಲ್‌ಪಾರ್ (ಒಂದೇ ಯಂತ್ರವನ್ನು ಪಾಲು ಮಾಡಿ ಮಾಡಿದ ಪ್ರತ್ಯೇಕ ಸರ್ವರ್, ಅಂದರೆ ಪಾರ್ಟಿಷನ್) ಬಗ್ಗೆ ಕೇಳಿದ್ದೀರಿ. ಅದಕ್ಕೆ ಖಾತ್ರಿಯಾದ ಪಾಲು, ಅಂದರೆ ಎಂಟೈಟಲ್‌ಮೆಂಟ್, 0.5 ಕೋರ್; ಅದಕ್ಕೆ ಕಾಣುವ ವರ್ಚುವಲ್ ಪ್ರೊಸೆಸರ್ (ವಿಪಿ) 4. ಅನ್‌ಕ್ಯಾಪ್ಡ್ ಅಂದರೆ ಪಾಲು ಮೀರಿಯೂ ಬಳಸಬಹುದು; ಎಂಟ್‌ಸಿ ಅಂದರೆ ಪಾಲಿನ ಶೇಕಡಾ ಎಷ್ಟು ಬಳಕೆ ಎಂಬ ಲೆಕ್ಕ. ವೇಟ್ (ಮಿಕ್ಕ ಸಾಮರ್ಥ್ಯ ಹಂಚುವಾಗಿನ ಆದ್ಯತೆಯ ಅಂಕಿ) ಆಮೇಲೆ ನೋಡೋಣ.

300% ಅಂದರೆ ನೀವು 1.5 ಕೋರ್ ಬಳಸುತ್ತಿದ್ದೀರಿ. ಅದರಲ್ಲಿ ನಿಮ್ಮ ಹಕ್ಕಿನದು 0.5 ಮಾತ್ರ, ಉಳಿದ 1.0 ಸಾಲ. ಎಲ್ಲರೂ ಹಂಚಿಕೊಳ್ಳುವ ಕೋರ್‌ಗಳ ಪೂಲ್‌ನಲ್ಲಿ ಬಿಡುವಿದ್ದಾಗ ಸಾಲ ಸಿಗುತ್ತದೆ, ಬೇರೆ ಎಲ್‌ಪಾರ್‌ಗಳು ಎಚ್ಚೆತ್ತರೆ ಇಲ್ಲ.

ಹೈಪರ್‌ವೈಸರ್ (ಎಲ್‌ಪಾರ್‌ಗಳಿಗೆ ಕೋರ್ ಹಂಚುವ ತಂತ್ರಾಂಶ) 10 ಮಿಲಿಸೆಕೆಂಡಿನ ಚಕ್ರದಲ್ಲಿ ಪಾಲು ಹಂಚುತ್ತದೆ. 0.5 ಅನ್ನು 4 ವಿಪಿಗೆ ಹಂಚಿದರೆ ತಲಾ 1.25 ಮಿಲಿಸೆಕೆಂಡ್. ಅಷ್ಟು ಓಡಿದ ವಿಪಿ ಕೋರ್ ಬಿಟ್ಟುಕೊಡಬೇಕು. ಅದರ ಕೈಯಲ್ಲಿ ಲಾಕ್ (ಒಮ್ಮೆಗೆ ಒಬ್ಬರೇ ಮುಟ್ಟಬಹುದಾದ ಡೇಟಾದ ಬೀಗ) ಇದ್ದರೆ ಮುಗಿಯಿತು, ಉಳಿದ ಮೂರೂ ಅದಕ್ಕಾಗಿ ಕಾಯುತ್ತಾ ತಮ್ಮ ಪಾಲನ್ನೂ ಸುಡುತ್ತವೆ. ಜೊತೆಗೆ, ಮರಳಿ ಬರುವಾಗ ಬೇರೆ ಕೋರ್ ಸಿಕ್ಕರೆ ಕ್ಯಾಶ್ ತಣ್ಣಗಿರುತ್ತದೆ, ಅಂದರೆ ಬೇಕಾದ ಡೇಟಾ ಆ ಕೋರ್‌ನ ಬಳಿ ಇರುವುದಿಲ್ಲ.

ಎಂಟೈಟಲ್‌ಮೆಂಟ್ 1.2ಕ್ಕೆ ಏರಿಸಿ, ವಿಪಿ 2ಕ್ಕೆ ಇಳಿಸಿ. ತಲಾ 6 ಮಿಲಿಸೆಕೆಂಡ್ ಖಾತ್ರಿ, 1.5ರ ಬಳಕೆಗೂ ಜಾಗ ಇದೆ. ಪ್ರೊಫೈಲ್‌ನ (ಎಲ್‌ಪಾರ್‌ನ ಉಳಿಸಿಟ್ಟ ಸೆಟ್ಟಿಂಗ್) ಕನಿಷ್ಠ-ಗರಿಷ್ಠ ಮಿತಿಯೊಳಗಿದ್ದರೆ ಎಚ್‌ಎಂಸಿಯಿಂದ (ಸರ್ವರ್ ನಿರ್ವಹಣೆಯ ಕನ್ಸೋಲ್) ಡಿಎಲ್‌ಪಾರ್ (ಓಡುತ್ತಿರುವಾಗಲೇ ಪಾಲು ಬದಲಿಸುವ ಸೌಲಭ್ಯ) ಮೂಲಕ ರೀಬೂಟ್ ಇಲ್ಲದೆ ಆಗುತ್ತದೆ. ಪ್ರೊಫೈಲ್‌ಗೂ ಸೇವ್ ಮಾಡಿ. ಇದನ್ನು ಮರೆತರೆ, ಮುಂದೆ ಆ ಪ್ರೊಫೈಲ್‌ನಿಂದ ಆ್ಯಕ್ಟಿವೇಟ್ ಮಾಡಿದಾಗ ಹಳೆಯ ಅಂಕಿಗಳೇ ಬಂದು ಕೂರುತ್ತವೆ.

ವೇಟ್ ಬಗ್ಗೆ: ಅದು ಮಿಕ್ಕ ಸಾಮರ್ಥ್ಯಕ್ಕೆ ಪೈಪೋಟಿ ಬಿದ್ದಾಗ ಮಾತ್ರ ಕೆಲಸಕ್ಕೆ ಬರುತ್ತದೆ. ಡೀಫಾಲ್ಟ್ 128. ಎಲ್ಲರೂ 255 ಇಟ್ಟುಕೊಂಡರೆ ಯಾರಿಗೂ ಲಾಭವಿಲ್ಲ. 0 ಇಟ್ಟರೆ ಕ್ಯಾಪ್ಡ್ ಆದ ಹಾಗೆಯೇ.

ಬದಲಿಸುವ ಮುನ್ನ ನಿಧಾನವಾದ ಹೊತ್ತಿನಲ್ಲೇ ಎಲ್‌ಪಾರ್‌ಸ್ಟಾಟ್ ಕಮಾಂಡ್ ಓಡಿಸಿ ‘ಆ್ಯಪ್’ ಕಾಲಂ (ಪೂಲ್‌ನಲ್ಲಿ ಬಿಡುವಿರುವ ಕೋರ್‌ಗಳ ಸಂಖ್ಯೆ) ನೋಡಿ. ಅದು ಸೊನ್ನೆಯ ಹತ್ತಿರವಿದ್ದರೆ ಪೂಲೇ ಬತ್ತಿದೆ. ಕಾಲಂ ಕಾಣದಿದ್ದರೆ ಎಚ್‌ಎಂಸಿಯಲ್ಲಿ ಆ ಪಾರ್ಟಿಷನ್‌ಗೆ ಪರ್ಫಾರ್ಮೆನ್ಸ್ ಮಾಹಿತಿ ಸಂಗ್ರಹದ ಅನುಮತಿ ಕೊಡಿ.