ತಂದೆಗೆ ಪಾರ್ಕಿನ್ಸನ್, ತಮ್ಮನಿಗೆ ಗೀಳು: ಎರಡಕ್ಕೂ ಮೆದುಳಿನ ಒಂದೇ ಸರ್ಕ್ಯೂಟ್ ಕಾರಣವೇ?

ಪ್ರಶ್ನೆ: ನಮ್ಮ ತಂದೆಗೆ 63 ವರ್ಷ. ಏಳು ವರ್ಷಗಳಿಂದ ಪಾರ್ಕಿನ್ಸನ್ ಕಾಯಿಲೆಗೆ ಲೆವೊಡೋಪಾ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಕಳೆದ ವರ್ಷ ಅದರ ಜೊತೆಗೆ ಪ್ರಾಮಿಪೆಕ್ಸೋಲ್ ಎಂಬ ಮಾತ್ರೆಯನ್ನೂ ಕೊಟ್ಟರು. ನಡುಕ ಮತ್ತು ಬಿಗಿತ ಕಡಿಮೆಯಾಗಿವೆ. ಆದರೆ ಜನ್ಮದಲ್ಲಿ ಇಸ್ಪೀಟು ಮುಟ್ಟದವರು ಈಗ ರಾತ್ರಿಯೆಲ್ಲ ಅಂದರ್ ಬಾಹರ್ ಆಡುತ್ತಾರೆ. ಭತ್ತ ಮಾರಿದ ಹಣದಲ್ಲಿ ಹೆಚ್ಚಿನ ಪಾಲು ಹೋಗಿದೆ. ಇನ್ನೊಂದೆಡೆ 24 ವರ್ಷದ ತಮ್ಮನಿಗೆ ಕೈ ತೊಳೆಯುವ ಗೀಳು. ಅವನ ಎಂಆರ್‌ಐ ನಾರ್ಮಲ್ ಇದೆ. ತಂದೆಯ ವೈದ್ಯರೂ ತಮ್ಮನ ವೈದ್ಯರೂ ‘ಮೆದುಳಿನ ಸರ್ಕ್ಯೂಟ್‌ನ ಏರುಪೇರು’ ಎಂದೇ ಹೇಳುತ್ತಾರೆ. ಎರಡೂ ಒಂದೇ ರೋಗವೇ? ಹೊಸ ಮಾತ್ರೆ ನಿಲ್ಲಿಸಿ ನಸುಗುನ್ನಿ ಪುಡಿ ಕೊಡಬಹುದೇ?
– ಓದುಗರೊಬ್ಬರು, ಸಿಂಧನೂರು ತಾಲ್ಲೂಕು

ಉತ್ತರ: ಮೊದಲು ಇಸ್ಪೀಟಿನ ವಿಷಯವನ್ನು ನೋಡೋಣ, ಏಕೆಂದರೆ ತುರ್ತಾಗಿರುವುದು ಅದೇ. ನಿಮ್ಮ ತಂದೆಯ ಸ್ವಭಾವ ಈ ವಯಸ್ಸಿನಲ್ಲಿ ಕೆಟ್ಟಿತು ಎಂದು ತಿಳಿಯಬೇಡಿ. ನೀವು ಬರೆದಿರುವ ಕ್ರಮವನ್ನು ನೋಡಿದರೆ ಇದು ಬಹುಮಟ್ಟಿಗೆ ಪ್ರಾಮಿಪೆಕ್ಸೋಲ್‌ನ ಅಡ್ಡ ಪರಿಣಾಮ. ಅಮೆರಿಕ ಮತ್ತು ಕೆನಡಾದಲ್ಲಿ 3,090 ಪಾರ್ಕಿನ್ಸನ್ ರೋಗಿಗಳನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜೂಜು, ವಿಪರೀತ ಖರೀದಿ, ಅತಿಯಾದ ಕಾಮಾಸಕ್ತಿ, ಹಸಿವಿಲ್ಲದಿದ್ದರೂ ತಿನ್ನುವುದು – ಇವುಗಳಲ್ಲಿ ಒಂದಾದರೂ ಶೇ 13.6 ಮಂದಿಯಲ್ಲಿ ಕಂಡುಬಂದಿತ್ತು. ಪ್ರಾಮಿಪೆಕ್ಸೋಲ್ ಸೇರಿರುವ ಗುಂಪಿನ ಔಷಧಿ ತೆಗೆದುಕೊಳ್ಳುತ್ತಿದ್ದವರಲ್ಲಿ ಅದು ಶೇ 17.1, ತೆಗೆದುಕೊಳ್ಳದವರಲ್ಲಿ ಶೇ 6.9. ರೋಗಿಗಳು ನಾಚಿಕೆಯಿಂದ ಇದನ್ನು ಹೇಳುವುದಿಲ್ಲ. ವೈದ್ಯರಾದ ನಾವು ನಡುಕದ ಬಗ್ಗೆ ಹತ್ತು ಪ್ರಶ್ನೆ ಕೇಳಿ, ಇದರ ಬಗ್ಗೆ ಒಂದನ್ನೂ ಕೇಳದೆ ಚೀಟಿ ಬರೆದು ಕಳುಹಿಸುವುದುಂಟು.

ಇದು ಏಕೆ ಹೀಗಾಗುತ್ತದೆ ಎಂಬುದರಲ್ಲಿಯೇ ನಿಮ್ಮ ಇನ್ನೊಂದು ಪ್ರಶ್ನೆಯ ಉತ್ತರವೂ ಇದೆ. ಮೆದುಳಿನ ಆಳದಲ್ಲಿ ಬೇಸಲ್ ಗ್ಯಾಂಗ್ಲಿಯಾ ಎಂಬ ನರಕೋಶಗಳ ಗುಂಪುಗಳಿವೆ. ಮೆದುಳಿನ ಹೊರಪದರದಿಂದ ಹೊರಟ ಸಂಕೇತ ಇವುಗಳ ಹೆಬ್ಬಾಗಿಲಾದ ಸ್ಟ್ರಯೇಟಮ್‌ಗೆ ಬಂದು, ಅಲ್ಲಿಂದ ಥಾಲಮಸ್ ಎಂಬ ಇನ್ನೊಂದು ಕೇಂದ್ರದ ಮೂಲಕ ಮತ್ತೆ ಹೊರಪದರಕ್ಕೇ ಮರಳುತ್ತದೆ. ಹೀಗೆ ಸುತ್ತಿ ಬರುವ ದಾರಿಯನ್ನೇ ನಾವು ಸರ್ಕ್ಯೂಟ್ ಎನ್ನುತ್ತೇವೆ. ಈ ವ್ಯವಸ್ಥೆ ಸುಮ್ಮನಿರುವಾಗಲೂ ಥಾಲಮಸ್ ಮೇಲೆ ಸದಾ ಬ್ರೇಕ್ ಹಾಕಿಕೊಂಡೇ ಇರುತ್ತದೆ. ಕೈ ಎತ್ತಬೇಕೆಂದರೆ ಆ ಒಂದು ಚಲನೆಯ ಮಟ್ಟಿಗೆ ಬ್ರೇಕ್ ಸಡಿಲಾಗಬೇಕು ಮತ್ತು ಉಳಿದ ಬೇಡದ ಚಲನೆಗಳ ಮೇಲೆ ಇನ್ನಷ್ಟು ಬಿಗಿಯಾಗಬೇಕು. ಸಡಿಲಿಸುವುದಕ್ಕೆ ಒಂದು ಹಾದಿ, ಬಿಗಿಗೊಳಿಸುವುದಕ್ಕೆ ಇನ್ನೊಂದು ಹಾದಿ. ನರಕೋಶಗಳ ನಡುವೆ ಸಂಕೇತ ಸಾಗಿಸುವ ಡೋಪಮೈನ್ ಎಂಬ ರಾಸಾಯನಿಕ ಮೊದಲನೆಯದಕ್ಕೆ ಒತ್ತಾಸೆ ಕೊಟ್ಟು ಎರಡನೆಯದನ್ನು ತಗ್ಗಿಸುತ್ತದೆ. ಪಾರ್ಕಿನ್ಸನ್‌ನಲ್ಲಿ ಡೋಪಮೈನ್ ತಯಾರಿಸುವ ನರಕೋಶಗಳು ಸಾಯುವುದರಿಂದ ಬ್ರೇಕ್ ಬಿಗಿಯಾಗಿ ಉಳಿದುಬಿಡುತ್ತದೆ. ಬ್ರೇಕ್‌ನ ಹಾದಿಯಲ್ಲಿರುವ ಸಬ್‌ಥಾಲಮಿಕ್ ನ್ಯೂಕ್ಲಿಯಸ್ ಎಂಬ ಸಣ್ಣ ಕೇಂದ್ರವನ್ನು ನಿಷ್ಕ್ರಿಯಗೊಳಿಸಿದರೆ ಪಾರ್ಕಿನ್ಸನ್ ಲಕ್ಷಣಗಳಿದ್ದ ಕೋತಿಗಳ ಚಲನೆ ಸುಧಾರಿಸುತ್ತದೆ ಎಂದು 1990ರಲ್ಲಿ ತೋರಿಸಲಾಯಿತು. ಮೂರೇ ವರ್ಷಗಳಲ್ಲಿ ಫ್ರಾನ್ಸ್‌ನ ಗ್ರೆನೋಬಲ್‌ನಲ್ಲಿ ವೈದ್ಯರು ಅದೇ ಕೇಂದ್ರಕ್ಕೆ ವಿದ್ಯುತ್ ತಂತಿ ಇಳಿಸಿ ರೋಗಿಗಳಿಗೆ ಚಿಕಿತ್ಸೆ ಆರಂಭಿಸಿದರು. ಇದಕ್ಕೆ ತದ್ವಿರುದ್ಧವಾದ ಸ್ಥಿತಿಯೂ ಇದೆ: ಪಾರ್ಶ್ವವಾಯುವಿನಿಂದ ಈ ಕೇಂದ್ರಕ್ಕೆ ಏಟು ಬಿದ್ದರೆ, ಬ್ರೇಕ್ ತಪ್ಪಿದಂತಾಗಿ ಒಂದು ಕಡೆಯ ಕೈಕಾಲುಗಳು ತಾವಾಗಿಯೇ ಬೀಸಿ ಬೀಸಿ ಎಸೆದಾಡುತ್ತವೆ.

ನಿಮ್ಮ ತಂದೆ ಹೊಸ್ತಿಲ ಬಳಿ ಕಾಲು ಅಂಟಿಕೊಂಡಂತೆ ನಿಂತುಬಿಡುತ್ತಾರೆಯೇ ಎಂದು ಗಮನಿಸಿ. ಹಾಗೆ ನಿಂತಾಗ ಕೈ ಹಿಡಿದು ಎಳೆಯಬೇಡಿ. ನೆಲದ ಮೇಲೆ ಒಂದು ಗೆರೆ ಎಳೆದು, ಅಥವಾ ನಿಮ್ಮ ಪಾದವನ್ನು ಅವರ ಪಾದದ ಮುಂದೆ ಅಡ್ಡವಾಗಿ ಇಟ್ಟು, ‘ಇದನ್ನು ದಾಟಿ ಅಪ್ಪ’ ಎನ್ನಿ. ಅನೇಕರು ಆ ಕ್ಷಣವೇ ದಾಟುತ್ತಾರೆ. ತಾನೇ ತಾನಾಗಿ ನಡೆಯುವ ಹಾದಿ ಕಟ್ಟಿಕೊಂಡಿದ್ದರೂ, ಕಣ್ಣಿಗೆ ಕಂಡ ಗುರುತನ್ನು ಹಿಡಿದು ನಡೆಯುವ ಇನ್ನೊಂದು ಹಾದಿ ಮೆದುಳಿನಲ್ಲಿ ತೆರೆದೇ ಇರುತ್ತದೆ ಎಂಬುದಕ್ಕೆ ಮನೆಯಲ್ಲಿಯೇ ಕಾಣಬಹುದಾದ ಸಾಕ್ಷಿ ಇದು.

ಇನ್ನು ಮುಖ್ಯ ಸಂಗತಿಗೆ ಬರುತ್ತೇನೆ. ಇಂತಹ ಸರ್ಕ್ಯೂಟ್ ಒಂದೇ ಅಲ್ಲ. ಒಂದೇ ವಿನ್ಯಾಸದ ಹಲವು ಸರ್ಕ್ಯೂಟ್‌ಗಳು ಬೇಸಲ್ ಗ್ಯಾಂಗ್ಲಿಯಾದೊಳಗೆ ಅಕ್ಕಪಕ್ಕದಲ್ಲಿ ಸಾಗುತ್ತವೆ ಎಂದು ಅಲೆಕ್ಸಾಂಡರ್, ಡಿಲಾಂಗ್ ಮತ್ತು ಸ್ಟ್ರಿಕ್ 1986ರಲ್ಲಿ ವಿವರಿಸಿದರು. ಒಂದು ಚಲನೆಗೆ, ಇನ್ನೊಂದು ಯೋಜನೆಗೆ, ಮತ್ತೊಂದು ಆಸೆ ಮತ್ತು ಪ್ರತಿಫಲಕ್ಕೆ. ನೀವು ಸಿಂಧನೂರಿನವರಾದ್ದರಿಂದ ನೀರು ಸರಿಯಾಗಿ ಮುಟ್ಟದ, ಕಾಲುವೆಯ ಕೊನೆ ಭಾಗದ ಗದ್ದೆಗಳ ಪಾಡನ್ನು ನಾನು ವಿವರಿಸಬೇಕಾಗಿಲ್ಲ. ಪಾರ್ಕಿನ್ಸನ್‌ನಲ್ಲಿ ಡೋಪಮೈನ್ ಎಲ್ಲ ಕಡೆ ಸಮನಾಗಿ ಬತ್ತುವುದಿಲ್ಲ; ಚಲನೆಯನ್ನು ನೋಡಿಕೊಳ್ಳುವ ಭಾಗ ಮೊದಲು ಒಣಗುತ್ತದೆ, ಪ್ರತಿಫಲವನ್ನು ನೋಡಿಕೊಳ್ಳುವ ಭಾಗದಲ್ಲಿ ಬಹುಕಾಲ ನೀರು ಉಳಿದಿರುತ್ತದೆ. ಒಣಗಿದ ಗದ್ದೆಗೆ ನೀರು ಮುಟ್ಟಲೆಂದು ತೂಬನ್ನು ಪೂರ್ತಿ ಎತ್ತಿದರೆ ಮೇಲ್ಭಾಗದ ಗದ್ದೆ ಮುಳುಗುತ್ತದೆ. ಪ್ರಾಮಿಪೆಕ್ಸೋಲ್‌ನಂತಹ ಔಷಧಿಗಳು ಡೋಪಮೈನ್‌ನ ವೇಷದಲ್ಲಿ ಹೋಗಿ ಕೂರುವ ಗ್ರಾಹಕಗಳಲ್ಲಿ (ನರಕೋಶದ ಮೇಲೆ ಸಂಕೇತ ಹಿಡಿಯುವ ತಾಣಗಳಲ್ಲಿ) ಡಿ3 ಎಂಬುದೊಂದಿದೆ. ಅವುಗಳಿಗೆ ವಿಶೇಷ ಒಲವಿರುವುದು ಅದರ ಮೇಲೆ, ಅದು ಹೇರಳವಾಗಿರುವುದೂ ಆ ಪ್ರತಿಫಲದ ಭಾಗದಲ್ಲಿಯೇ. ಕೈಯ ನಡುಕ ತಗ್ಗಿದ್ದು ಮತ್ತು ಎಲೆ ಹಿಡಿಯುವ ಚಪಲ ಹುಟ್ಟಿದ್ದು, ಎರಡೂ ಒಂದೇ ಮಾತ್ರೆಯಿಂದ ಎನ್ನುವುದು ಈ ಕಾರಣಕ್ಕೆ.

ತಮ್ಮನ ಗೀಳಿನಲ್ಲಿ ಕೆಡುವುದು ಈ ಸರ್ಕ್ಯೂಟ್‌ಗಳ ಇನ್ನೊಂದು ಸುತ್ತು. ಹಣೆಯ ಹಿಂದೆ, ಕಣ್ಣಿನ ಗೂಡಿಗೆ ಸ್ವಲ್ಪ ಮೇಲಿರುವ ಹೊರಪದರ ‘ಏನೋ ಸರಿಯಿಲ್ಲ’ ಎಂದು ಎಚ್ಚರಿಸುವ ಕೆಲಸ ಮಾಡುತ್ತದೆ. ಕೈ ತೊಳೆದ ಮೇಲೆ ಆ ಎಚ್ಚರಿಕೆ ಆರಬೇಕು. ಗೀಳಿನಲ್ಲಿ ಅದು ಆರುವುದಿಲ್ಲ. ಆ ಭಾಗ, ಸ್ಟ್ರಯೇಟಮ್‌ನ ಕಾಡೇಟ್ ಎಂಬ ತುಣುಕು ಮತ್ತು ಥಾಲಮಸ್ ಒಂದಕ್ಕೊಂದು ಹುರಿದುಂಬಿಸುತ್ತ ಅತಿಯಾಗಿ ಚುರುಕಾಗಿರುತ್ತವೆ. ಕೈಯಲ್ಲಿ ಕೊಳೆಯಿಲ್ಲ ಎಂದು ಅವನಿಗೂ ತಿಳಿದಿದೆ, ಆದರೂ ತಿಳಿವಳಿಕೆಯಿಂದ ಆ ಗಂಟೆ ನಿಲ್ಲುವುದಿಲ್ಲ. ಆದ್ದರಿಂದ ‘ಕೈ ಶುದ್ಧವಾಗಿದೆಯಲ್ಲ’ ಎಂದು ದಿನಕ್ಕೆ ಇಪ್ಪತ್ತು ಸಲ ಸಮಾಧಾನ ಹೇಳುವುದರಿಂದ ಗೀಳು ಬಲಿಯುವುದೇ ಹೊರತು ಕುಗ್ಗುವುದಿಲ್ಲ. ಎಂಆರ್‌ಐ ನಾರ್ಮಲ್ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಅದು ಮೆದುಳಿನ ಆಕಾರವನ್ನು ತೋರಿಸುತ್ತದೆ. ತಮ್ಮನಲ್ಲಿ ಏರುಪೇರಾಗಿರುವುದು ಅದರ ನಡೆ.

ಪಾರ್ಕಿನ್ಸನ್‌ನಂತೆ ಗೀಳಿನಲ್ಲಿ ನರಕೋಶಗಳು ಸಾಯುತ್ತ ಹೋಗುವುದಿಲ್ಲ ಎಂಬುದನ್ನು ನಿಮ್ಮ ತಮ್ಮನಿಗೆ ಒತ್ತಿ ಹೇಳಿ. ಲಾಸ್ ಏಂಜಲೀಸ್‌ನಲ್ಲಿ ಬ್ಯಾಕ್ಸ್‌ಟರ್ ಮತ್ತು ಸಂಗಡಿಗರು 1992ರಲ್ಲಿ ಕೆಲವು ಗೀಳು ರೋಗಿಗಳಿಗೆ ಫ್ಲುಯೊಕ್ಸೆಟಿನ್ ಮಾತ್ರೆ ಕೊಟ್ಟರು, ಇನ್ನು ಕೆಲವರಿಗೆ ಮಾತ್ರೆಯಿಲ್ಲದೆ ವರ್ತನಾ ಚಿಕಿತ್ಸೆಯನ್ನಷ್ಟೇ ಕೊಟ್ಟರು. ಗುಣ ಕಂಡ ಎರಡೂ ಗುಂಪಿನವರಲ್ಲಿ ಬಲಗಡೆಯ ಕಾಡೇಟ್‌ನ ಚಟುವಟಿಕೆ ಇಳಿದಿರುವುದು, ಮೆದುಳಿನ ನಡೆಯನ್ನು ತೋರಿಸುವ ಪೆಟ್ ಸ್ಕ್ಯಾನ್‌ನಲ್ಲಿ ಕಂಡಿತು. ನನ್ನ ಮಟ್ಟಿಗೆ ಮನೋವೈದ್ಯಕೀಯದ ಇತಿಹಾಸದಲ್ಲಿಯೇ ಇದೊಂದು ದೊಡ್ಡ ಫಲಿತಾಂಶ. ‘ಮೆದುಳಿನಲ್ಲಿ ಒಂದು ರಾಸಾಯನಿಕ ಕಡಿಮೆಯಾಗಿದೆ, ಅದನ್ನು ತುಂಬುತ್ತೇವೆ’ ಎಂದು ನಾವು ರೋಗಿಗಳಿಗೆ ಹೇಳುವ ಮಾತು ಎಷ್ಟು ಅರೆಬರೆಯದು ಎಂಬುದು ಇದರಿಂದ ತಿಳಿಯುತ್ತದೆ. ಕೊಳೆಯೆನಿಸಿದ ವಸ್ತುವನ್ನು ಮುಟ್ಟಿಸಿ, ತೊಳೆಯದೆ ಆ ಕಳವಳವನ್ನು ತಾನಾಗಿಯೇ ಇಳಿಯಲು ಬಿಡುವ ಅಭ್ಯಾಸವನ್ನು ವರ್ತನಾ ಚಿಕಿತ್ಸೆಯಲ್ಲಿ ಮಾಡಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳು ರೋಗಕ್ಕೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. ಮಾತ್ರೆ ಆರಂಭಿಸಿದರೆ ಫಲ ಕಾಣಲು 8ರಿಂದ 12 ವಾರ ಬೇಕು. ತಿಂಗಳಿಗೇ ‘ಉಪಯೋಗವಿಲ್ಲ’ ಎಂದು ಬಿಡಬಾರದು. ತಂದೆಗೆ ಪಾರ್ಕಿನ್ಸನ್ ಇರುವುದರಿಂದ ಇವನಿಗೆ ಗೀಳು ಬಂತು ಎಂದಾಗಲಿ, ಗೀಳಿರುವುದರಿಂದ ಮುಂದೆ ಪಾರ್ಕಿನ್ಸನ್ ಬರುತ್ತದೆ ಎಂದಾಗಲಿ ತಿಳಿಯಬೇಕಿಲ್ಲ.

ನಸುಗುನ್ನಿಯ ವಿಷಯ. ಅದರ ಬೀಜದಲ್ಲಿ ಲೆವೊಡೋಪಾ ಇರುವುದು ನಿಜ. ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲಿಯೇ ಅದನ್ನು ಬೇರ್ಪಡಿಸಿದ್ದರು. ಆದರೆ ನಿಮ್ಮ ತಂದೆ ಆಗಲೇ ಲೆವೊಡೋಪಾ ತೆಗೆದುಕೊಳ್ಳುತ್ತಿರುವುದರಿಂದ, ಒಂದು ಚಮಚ ಪುಡಿಯಲ್ಲಿ ಎಷ್ಟು ಇದೆ ಎಂದು ಅಳತೆ ಸಿಗದ ಅದೇ ಔಷಧಿಯನ್ನು ಮೇಲಿಂದ ಸುರಿದಂತಾಗುತ್ತದೆ. ಬೇಡ.

ಪ್ರಾಮಿಪೆಕ್ಸೋಲ್ ಅನ್ನು ನೀವಾಗಿ ಒಮ್ಮೆಲೇ ನಿಲ್ಲಿಸಲೂಬೇಡಿ. ಹಾಗೆ ಮಾಡಿದವರಲ್ಲಿ ಕೆಲವರಿಗೆ ತೀವ್ರ ಆತಂಕ, ಬೆವರು, ಮೈನೋವು, ಖಿನ್ನತೆ ಕಾಡುತ್ತವೆ. ಈ ವಾರವೇ ನರರೋಗ ತಜ್ಞರನ್ನು ಕಾಣಿ. ಅವರು ಪ್ರಮಾಣವನ್ನು ಹಂತ ಹಂತವಾಗಿ ಇಳಿಸಿ, ಅಗತ್ಯವಾದಷ್ಟು ಲೆವೊಡೋಪಾದಲ್ಲಿ ಸರಿದೂಗಿಸುತ್ತಾರೆ. ಬಹಳಷ್ಟು ಜನರಲ್ಲಿ ಜೂಜಿನ ಸೆಳೆತ ಇದರಿಂದ ತಗ್ಗುತ್ತದೆ. ಅಲ್ಲಿಯವರೆಗೆ ಬ್ಯಾಂಕಿನ ವ್ಯವಹಾರ ಮತ್ತು ಜಮೀನಿನ ಕಾಗದಪತ್ರಗಳನ್ನು, ಅವರಿಗೆ ಕಾರಣ ತಿಳಿಸಿ ಒಪ್ಪಿಸಿಯೇ, ನೀವು ನೋಡಿಕೊಳ್ಳಿ. ಯಾವ ಮಾತ್ರೆ ಎಷ್ಟು ಗಂಟೆಗೆ, ಇಸ್ಪೀಟು ಶುರುವಾದದ್ದು ಯಾವ ತಿಂಗಳು, ರಾತ್ರಿ ನಿದ್ದೆ ಎಷ್ಟು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಮಕ್ಕಳೆದುರು ಹೇಳಲು ಅವರು ಸಂಕೋಚಪಡುವ ಬದಲಾವಣೆಗಳೂ ಇರಬಹುದು. ಆದ್ದರಿಂದ ಹಾಳೆಯನ್ನು ವೈದ್ಯರ ಕೈಗೆ ಕೊಟ್ಟು, ಐದು ನಿಮಿಷ ಅವರಿಬ್ಬರನ್ನೇ ಬಿಟ್ಟು ನೀವು ಹೊರಗೆ ಕುಳಿತುಕೊಳ್ಳಿ.