ಅಮೆರಿಕದಲ್ಲಿ ಫುಡ್ ಸ್ಟಾಂಪ್ ಪಡೆಯುವವರೆಲ್ಲ ದುಡಿಯದೆ ಕೂತು ತಿನ್ನುವವರೇ?

ಅಲ್ಲ. ಇದು ಬಡ ಮನೆಗಳಿಗೆ ಆಹಾರ ಕೊಳ್ಳಲು ಸರ್ಕಾರ ಒಂದು ಕಾರ್ಡಿಗೆ ಹಾಕುವ ನೆರವು; ಆ ಯೋಜನೆಯ ಹೆಸರು 2008ರಿಂದ ‘ಸ್ನ್ಯಾಪ್’. ಫಲಾನುಭವಿಗಳಲ್ಲಿ ಮಕ್ಕಳು, ವಯಸ್ಸಾದವರು, ಅಂಗವಿಕಲರೇ ಹೆಚ್ಚು.

‘ದುಡಿದರೆ ನೆರವು ಹೋಗುತ್ತೆ, ಅದಕ್ಕೇ ದುಡಿಯಲ್ಲ’ ಅನ್ನುವ ವಾದಕ್ಕೆ ಲೆಕ್ಕವೇ ಉತ್ತರ. ನೆರವು ಎಷ್ಟೆಂದು ನಿರ್ಧರಿಸುವಾಗ ಸಂಬಳದಲ್ಲಿ ಮೊದಲು ಶೇ. 20 ಲೆಕ್ಕಕ್ಕೆ ಹಿಡಿಯದೆ ಬಿಡುತ್ತಾರೆ, ಬೇರೆ ಕೆಲವು ಮೊತ್ತಗಳನ್ನೂ ಆದಾಯದಿಂದ ಕಳೆಯುತ್ತಾರೆ. ಉಳಿದ ನಿವ್ವಳ ಆದಾಯದ ಶೇ. 30ರಷ್ಟನ್ನು ಗರಿಷ್ಠ ನೆರವಿನಿಂದ ಕಳೆಯುತ್ತಾರೆ. ಅಂದರೆ 100 ಡಾಲರ್ ಹೆಚ್ಚಿಗೆ ದುಡಿದರೆ ಲೆಕ್ಕಕ್ಕೆ ಬರುವುದು 80, ನೆರವಿನಲ್ಲಿ ಇಳಿಯುವುದು 24. ಬಾಡಿಗೆಯ ಹೊರೆಗಾಗಿಯೂ ಆದಾಯದಲ್ಲಿ ಇಂಥ ಕಡಿತ ಪಡೆಯುವವರಿಗೆ ಇದು 36ರವರೆಗೆ ಹೋಗಬಹುದು. ಆಗಲೂ ದುಡಿದವರಿಗೇ ಲಾಭ. ನಿಜವಾದ ತೊಡಕು ಬೇರೆ ಕಡೆ ಇದೆ: ಒಟ್ಟು ಆದಾಯ ಮಿತಿ ದಾಟಿದರೆ (ಸಾಮಾನ್ಯವಾಗಿ ಬಡತನ ರೇಖೆಯ ಶೇ. 130; ಹಲವು ರಾಜ್ಯಗಳಲ್ಲಿ ಇನ್ನೂ ಹೆಚ್ಚು) ಉಳಿದಿದ್ದ ನೆರವು ಒಂದೇ ಏಟಿಗೆ ನಿಲ್ಲುತ್ತದೆ.

‘ಆ ಕಾರ್ಡಿನಲ್ಲಿ ಬಿಯರ್ ಕೊಂಡಿದ್ದನ್ನು ಕಣ್ಣಾರೆ ಕಂಡೆ’ ಅನ್ನುವವರೂ ಇದ್ದಾರೆ. ಸ್ನ್ಯಾಪ್ ಹಣಕ್ಕೆ ಮದ್ಯ, ಸಿಗರೇಟು ಮಾತ್ರವಲ್ಲ, ಸೋಪು, ಡೈಪರ್, ಔಷಧಿಯೂ ಬರುವುದಿಲ್ಲ; ಬಿಸಿ ಬಿಸಿ ಸಿದ್ಧ ಊಟವೂ ಸಾಮಾನ್ಯವಾಗಿ ಇಲ್ಲ. ಬಿಲ್ಲಿಂಗ್ ಯಂತ್ರವೇ ಅವನ್ನು ಬೇರ್ಪಡಿಸಿ ಬಾಕಿ ತೋರಿಸುತ್ತದೆ, ಅದನ್ನು ಕೈಯಿಂದ ಕೊಡಬೇಕು. ಅದೇ ಕಾರ್ಡಿನಲ್ಲಿ ನಗದು ನೆರವಿನ ಪ್ರತ್ಯೇಕ ಖಾತೆಯೂ ಇರಬಹುದು. ಹಿಂದೆ ಸಾಲಿನಲ್ಲಿ ನಿಂತವರಿಗೆ ಇದ್ಯಾವುದೂ ಕಾಣುವುದಿಲ್ಲ.

ದಾಖಲೆಯಿಲ್ಲದ ವಲಸಿಗರಿಗೆ ಸ್ನ್ಯಾಪ್ ಇಲ್ಲ. ಅದೇ ಮನೆಯಲ್ಲಿ ಅಮೆರಿಕದಲ್ಲಿ ಹುಟ್ಟಿದ ಮಕ್ಕಳಿದ್ದರೆ ಅರ್ಜಿ ಹಾಕಬಹುದು, ಆದರೆ ನೆರವು ಅರ್ಹರ ಪಾಲಿಗಷ್ಟೇ.