‘ವೈರಲ್’ ಎಂದರೆ ‘ಜನಪ್ರಿಯ’ ಎಂದೇ ಅರ್ಥವೇ?

‘ವೈರಲ್ ಆಯಿತು’ ಎನ್ನುವಲ್ಲೆಲ್ಲ ‘ಜನಪ್ರಿಯವಾಯಿತು’ ಎಂದು ಬರೆಯಬಹುದೇ ಎಂದು ತಾವು ಕೇಳಿದ್ದೀರಿ. ಬರೆಯಲಾಗದು; ಬರೆದರೆ ಬಹಳಷ್ಟು ಕಡೆ ಅರ್ಥ ಕೆಡುತ್ತದೆ.

ಲ್ಯಾಟಿನ್ನಿನಲ್ಲಿ ‘ವೈರಸ್’ ಎಂದರೆ ವಿಷ. (ಸಂಸ್ಕೃತದ ‘ವಿಷ’ವೂ ಅದೇ ಮೂಲದ ಪದ.) ಅದು ರೋಗಾಣುವಿನ ಹೆಸರಾಗಿ, ಕಡೆಗೆ 1990ರ ದಶಕದಲ್ಲಿ ಜಾಹೀರಾತಿನವರ ಮಾತಿಗೂ ಬಂತು. 1996ರಲ್ಲಿ ಆರಂಭವಾದ ಇ-ಮೇಲ್ ಸೇವೆ ಹಾಟ್‌ಮೇಲ್, ಬಳಕೆದಾರರು ಕಳುಹಿಸುವ ಪತ್ರಗಳ ಅಡಿಯಲ್ಲಿ ತನ್ನ ಉಚಿತ ಸೇವೆಯ ಬಗ್ಗೆ ಒಂದು ಸಾಲು ಸೇರಿಸುತ್ತಿತ್ತು. ಹೀಗೆ ಪತ್ರ ಬರೆದವರೇ ತಮಗರಿವಿಲ್ಲದೆ ಪ್ರಚಾರಕರಾಗುತ್ತಿದ್ದರು. ಈ ಬಗೆಯ ಪ್ರಚಾರವನ್ನು ‘ವೈರಲ್ ಮಾರ್ಕೆಟಿಂಗ್’ ಎಂದರು. ಅಂದರೆ ಈ ಪದ ಹೇಳುವುದು ಒಬ್ಬರಿಂದೊಬ್ಬರಿಗೆ ದಾಟುವ ರೀತಿಯನ್ನೇ ಹೊರತು ಜನರ ಪ್ರೀತಿಯನ್ನಲ್ಲ.

2020ರ ಫೆಬ್ರುವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಂದಿಗೆ 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಓಡಿದ ವಿಡಿಯೊ ದೇಶದಾದ್ಯಂತ ಹರಿದಾಡಿ, ಉಸೇನ್ ಬೋಲ್ಟ್ ಜೊತೆಗಿನ ಹೋಲಿಕೆಯವರೆಗೂ ಹೋಯಿತು. ಆ ವಿಡಿಯೊ ವೈರಲ್ ಆಯಿತು ಎನ್ನುವುದು ಸರಿ. ಆದರೆ ತುಳುನಾಡಿನಲ್ಲಿ ಕಂಬಳ ಜನಪ್ರಿಯ ಎನ್ನುತ್ತೇವೆ, ‘ಕಂಬಳ ವೈರಲ್’ ಎಂದು ಯಾರೂ ಹೇಳುವುದಿಲ್ಲ. ತಲೆಮಾರುಗಳಿಂದ ಗದ್ದೆಯಂಚಿನಲ್ಲಿ ನಿಂತು ನೋಡಿದವರ ಒಲವು ‘ಜನಪ್ರಿಯ’ದೊಳಗಿನ ‘ಪ್ರಿಯ’ದಲ್ಲಿದೆ, ನಾಲ್ಕೇ ದಿನಗಳಲ್ಲಿ ಮೊಬೈಲಿನಿಂದ ಮೊಬೈಲಿಗೆ ಜಿಗಿದದ್ದಕ್ಕೆ ಆ ಒಲವು ಬೇಕಿಲ್ಲ. ಸುಳ್ಳು ಸುದ್ದಿಯೂ ವೈರಲ್ ಆಗುತ್ತದೆ, ಯಾರದೋ ಅವಮಾನದ ದೃಶ್ಯವೂ ಆಗುತ್ತದೆ. ಅವನ್ನು ಜನಪ್ರಿಯ ಎಂದರೆ ಓದುಗರು ಹುಬ್ಬೇರಿಸುತ್ತಾರೆ.

ವ್ಯಾಕರಣದ ಮಾತು ಚಿಕ್ಕದು. ‘ಬಸ್ಸು’, ‘ಕಾರು’ಗಳಂತೆ ಇದು ಉಕಾರ ಪಡೆದು ನಾಮಪದವಾಗಿಲ್ಲ, ‘ಆಗು’, ‘ಮಾಡು’ಗಳ ಆಸರೆಯಿಂದಲೋ, ‘ವೈರಲ್ ವಿಡಿಯೊ’ ಎಂಬಂತೆ ವಿಶೇಷಣವಾಗಿಯೋ ನಿಲ್ಲುತ್ತದೆ. ‘ವೈರಲ್ ಜ್ವರ’ದಲ್ಲಿ ಹಳೆಯ ಅರ್ಥ ಇನ್ನೂ ಉಳಿದಿರುವುದರಿಂದ, ಶೀರ್ಷಿಕೆಯಲ್ಲಿ ಬರಿದೇ ‘ವೈರಲ್’ ಎಂದು ಬಿಡದಿರುವುದು ಲೇಸು.

ಕನ್ನಡದ್ದೇ ಪದ ಬೇಕೆಂದರೆ ಪತ್ರಿಕೆಗಳು ‘ಹರಿದಾಡುತ್ತಿದೆ’ ಎಂದು ಬರೆಯುತ್ತವೆ. ನನಗೆ ಅದಕ್ಕಿಂತ ‘ಹಬ್ಬಿತು’ ಮೆಚ್ಚು. ಬಳ್ಳಿ, ಬೆಂಕಿ, ಜ್ವರ, ಗಾಳಿಸುದ್ದಿ ಎಲ್ಲಕ್ಕೂ ನಾವು ಮೊದಲಿನಿಂದ ಬಳಸುತ್ತಿರುವುದು ಅದೇ ಕ್ರಿಯಾಪದವನ್ನು.